ಬಿಸಿಲಕ್ಕನಿಗೆ ಹುಟ್ಟಿದ ಬಿಸಿಲಾಗದ ಕೂಸು

ಅವಳ ಮುತ್ತಜ್ಜ ಹಡಗಿನ ಹಾಯಿ ಒಗೆಯುತ್ತಿದ್ದ. ಹಾಯಿಯೆಂದರೆ ಕರವಸ್ತ್ರವಲ್ಲ, ಒದ್ದೆಯಾದ ಮೇಲೆ ನಾಲ್ಕಾಳು ಸೇರಿ ಎಳೆದರೂ ಜಪ್ಪಯ್ಯ ಅನ್ನದ ವಸ್ತು. ಅದನ್ನು ಅವನು ಒಬ್ಬನೇ ಹೆಗಲಿಗೇರಿಸಿಕೊಂಡು ದಂಡೆಯ ಬಂಡೆಗಳ ಮೇಲೆ ಹಾಸಿ, ಉಪ್ಪಿನ ಕಲೆ ಬಿಸಿಲಿಗೆ ಸೋಲುವ ತನಕ ಪಕ್ಕದಲ್ಲೇ ಕೂತಿರುತ್ತಿದ್ದ. ಜನ ಅವನನ್ನು ಹಾಯಜ್ಜ ಎಂದು ಕರೆದರು. ಹಾಯಜ್ಜನ ಮಗ ಹಬೆಯಜ್ಜ. ಆ ಬೀದಿಗೆ ಮೊದಲ ಹಬೆಯ ಹಂಡೆ ತಂದವನು ಅವನೇ. ಹಂಡೆ ಒಮ್ಮೆ ಸಿಡಿದು ಎರಡೂ ಹುಬ್ಬು ಸುಟ್ಟುಹೋದವು. ಮಾರನೆಯ ಬೆಳಿಗ್ಗೆ ಹುಬ್ಬಿಲ್ಲದ ಮುಖದಲ್ಲೇ ಗಿರಾಕಿಗಳ ಮುಂದೆ ಕೂತು ‘ಏನು ಹಾಗೆ ನೋಡ್ತೀರಿ, ಮುಖಕ್ಕೂ ಇಸ್ತ್ರಿ ಮಾಡಿಸ್ಕೊಂಡೆ’ ಅಂದನಂತೆ. ಅವನ ಹೆಂಡತಿ ಗಂಜಿಯಜ್ಜಿ. ಅವಳು ಗಂಜಿ ಹಾಕಿದ ಕಾಲರು ಅಂಗಿ ಹರಿದು ಚಿಂದಿಯಾದರೂ ತಾನು ಮಾತ್ರ ನೆಟ್ಟಗೆ ನಿಂತಿರುತ್ತಿತ್ತು. ಇವರಿಬ್ಬರ ಮಗ ಮಡಿಕೆಯಪ್ಪ ದೊಡ್ಡ ಹೋಟೆಲುಗಳ ಹಾಸುಬಟ್ಟೆಗಳನ್ನು ಕಣ್ಣು ಮುಚ್ಚಿ ಮಡಿಸಬಲ್ಲವನು. ಅವನು ಮಡಿಸಿಟ್ಟ ಅಟ್ಟಿಯ ಅಂಚಿಗೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದರೆ ಎಲ್ಲೂ ಎಡವುತ್ತಿರಲಿಲ್ಲ.

ಇಂಥ ವಂಶದಲ್ಲಿ ಹುಟ್ಟಿದವಳು ನಮ್ಮ ಬಿಸಿಲಕ್ಕ.

ಆ ಮನೆಯಲ್ಲಿ ಸಕಲ ರೋಗಕ್ಕೂ ಮದ್ದು ಒಂದೇ. ಹಳದಿ ಕಟ್ಟಿದ ಬಟ್ಟೆ ಬಿಸಿಲಿಗೆ, ಮುಗ್ಗುಲು ಹಿಡಿದ ಹಾಸಿಗೆ ಬಿಸಿಲಿಗೆ, ಮೂಗು ಸೋರುವ ಮಗು ಬಿಸಿಲಿಗೆ, ಮುನಿಸಿಕೊಂಡ ಸೊಸೆಯೂ ಬಿಸಿಲಿಗೇ. ಕೆಳಗಡೆ ಬೀದಿಗೆ ತೆರೆದ ಕಟ್ಟೆ, ಅಲ್ಲಿ ಗಿರಾಕಿಗಳು. ಅದರ ಹಿಂದೆ ಇಸ್ತ್ರಿಯ ಕೋಣೆ. ಅದರ ಹಿಂದೆ ತೊಟ್ಟಿಗಳು, ಹಂಡೆ. ಮೇಲೆ ಅಗಲವಾದ ತಾರಸಿ. ತಾರಸಿಯೇ ಆ ಮನೆಯ ತಲೆ, ತಾರಸಿಯೇ ಕಿರೀಟ. ಬಿಸಿಲಕ್ಕ ಚಿಕ್ಕವಳಿದ್ದಾಗ ಅಪ್ಪನ ಹಿಂದೆ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಹತ್ತಿದವಳು ಮತ್ತೆ ಇಳಿಯಲಿಲ್ಲ ಎನ್ನಬೇಕು. ಯಾವ ಹಗ್ಗದ ಮೇಲೆ ಯಾವ ಹೊತ್ತಿಗೆ ನೆರಳು ಬೀಳುತ್ತದೆ, ಪಕ್ಕದ ಕಟ್ಟಡದ ಕಿಟಕಿಯ ಗಾಜು ಯಾವ ತಿಂಗಳಲ್ಲಿ ಎರಡನೇ ಬಿಸಿಲನ್ನು ಎಸೆಯುತ್ತದೆ, ಇದೆಲ್ಲ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಕೆನ್ನೆಗಳ ಮೇಲೆ, ಮೂಗಿನ ಬೆನ್ನಿನ ಮೇಲೆ ಯಾವಾಗಲೂ ಕೆಂಪು. ‘ದುಡಿದವರ ಬಣ್ಣ’ ಅಂತ ಅವಳೇ ಹೇಳಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದಾಗ ಬೆರಳು ಮಡಿಸಲು ಬಾರದಷ್ಟು ಬಿಗಿದಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ, ಬೈದು, ಮಡಿಸಿಕೊಂಡು ಮೇಲೆ ಹತ್ತುತ್ತಿದ್ದಳು.

ಮನೆಗೆ ಅಳಿಯ ಬಂದ. ಬಟ್ಟೆಗಾಡಿ ಓಡಿಸುವವನು, ಮಾತು ಕಡಿಮೆ, ಅವಳು ಹೇಳಿದ್ದಕ್ಕೆಲ್ಲ ‘ಹೂಂ’. ಅವನಿಂದ ಯಾರಿಗೂ ತೊಂದರೆಯಿರಲಿಲ್ಲ. ತೊಂದರೆ ಬಂದದ್ದು ತಮ್ಮನ ಹೆಂಡತಿಯಿಂದ.

ಆ ಹುಡುಗಿ ಮನೆಗೆ ಬಂದ ಮೊದಲ ವಾರವೇ ತೊಟ್ಟಿಯ ಬಳಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಏನಾಯ್ತೇ?” ಬಿಸಿಲಕ್ಕ ಕೇಳಿದಳು.

“ಒಗೆಯೋ ಸೋಡಾ ಕಣ್ಣಿಗೆ ಹೋಯ್ತು, ಅತ್ತಿಗೆ.”

“ಸೋಡಾ ಡಬ್ಬಿ ಮುಚ್ಚಳ ಹಾಕೇ ಇದೆಯಲ್ಲೇ!”

“ವಾಸನೆಗೇ ನೀರು ಬರುತ್ತೆ ನಂಗೆ.”

“ಡಬ್ಬಿ ದೂರದಿಂದ ತೋರಿಸಿದ್ರೂ ಬರುತ್ತೆ ಬಿಡು. ಲೋ ತಮ್ಮಾ, ನೀನು ಹೆಂಡ್ತಿ ಕಟ್ಕೊಂಡು ಬಂದಿಲ್ಲ ಕಣೋ, ನಲ್ಲಿ ಕಟ್ಕೊಂಡು ಬಂದಿದ್ದೀಯ. ತಿರುಗಿಸಿ ನಿಲ್ಲಿಸೋಕೆ ಬರುತ್ತಾ ನೋಡು.”

ಎಲ್ಲರೂ ನಕ್ಕರು, ಆ ಹುಡುಗಿಯೂ ಕಣ್ಣೀರಿನ ನಡುವೆಯೇ ನಕ್ಕಳು. ಅಂದಿನಿಂದ ಅವಳಿಗೆ ನಲ್ಲಿ ಎಂಬ ಹೆಸರೇ ನಿಂತಿತು. ಹೆಸರಿಟ್ಟವಳು ತಾನೇ ಆದರೂ, ಆ ಹೆಸರನ್ನು ಎಲ್ಲರೂ ಮುದ್ದಿನಿಂದ ಕರೆಯತೊಡಗಿದ್ದು ಬಿಸಿಲಕ್ಕನಿಗೆ ಹಿಡಿಸಲಿಲ್ಲ.

ಹಿಡಿಸದಿರಲು ಕಾರಣವಿತ್ತು. ಅವಳ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ಅವ್ವ ತೀರಿಕೊಂಡ ದಿನವೂ ಬರಲಿಲ್ಲ. ರೆಪ್ಪೆಯೊಳಗೆ ಮರಳು ಸುರಿದ ಹಾಗೆ ಉರಿಯಿತು, ಗಂಟಲು ಒಣಗಿ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು, ಎದೆಯೊಳಗೆ ಕಲ್ಲು ಎಳೆದ ಹಾಗಾಯಿತು. ಹನಿ ಮಾತ್ರ ಒಂದೂ ಇಲ್ಲ. ಬಂದ ನೆಂಟರು ಅವಳನ್ನು ನೋಡಿ ಮುಖ ಮುಖ ನೋಡಿಕೊಂಡರು. ಅತ್ತೆಯನ್ನು ಸರಿಯಾಗಿ ಒಂದು ವರ್ಷವೂ ಕಾಣದ ನಲ್ಲಿಯಾದರೋ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಹೆಂಗಸರೆಲ್ಲ ಅವಳ ಬೆನ್ನು ಸವರಿದರು. ಹೆತ್ತ ಮಗಳ ಬೆನ್ನಿಗೆ ಒಂದು ಕೈಯೂ ಬೀಳಲಿಲ್ಲ. ಆ ದಿನ ಬಿಸಿಲಕ್ಕನ ಹೊಟ್ಟೆಯಲ್ಲಿ ಬಿದ್ದ ಕಿಡಿ ಆಮೇಲೆ ಆರಲೇ ಇಲ್ಲ.

ಅಪ್ಪ ಮರುವರ್ಷ ನಲ್ಲಿಯನ್ನು ತೊಟ್ಟಿಯಿಂದ ಎಬ್ಬಿಸಿ ಮುಂದಿನ ಕಟ್ಟೆಗೆ ಕೂರಿಸಿದ.

“ಯಾಕಪ್ಪಾ, ನಾನಿರಲಿಲ್ವಾ ಕಟ್ಟೆಗೆ?”

“ಅವಳ ಮುಖ ನೋಡಿದ್ರೆ ಗಿರಾಕಿ ಜಗಳ ಮರೀತಾನೆ ಕಣಮ್ಮಾ.”

“ನನ್ನ ಮುಖ ನೋಡಿದ್ರೆ?”

“ನಿನ್ನ ಮುಖ ನೋಡಿದ್ರೆ ಬಟ್ಟೆ ಮರೆತು ಓಡ್ತಾನೆ.”

ಅಪ್ಪ ಹೇಳಿದ್ದು ತಮಾಷೆಗೆ. ಬಿಸಿಲಕ್ಕನೂ ಗಟ್ಟಿಯಾಗಿ ನಕ್ಕಳು. ತಾರಸಿಗೆ ಹೋಗಿ ಒದ್ದೆ ಹಾಸುಗಳನ್ನು ಹಗ್ಗಕ್ಕೆ ಬಡಿದ ಸದ್ದು ಮಾತ್ರ ಬೀದಿಯ ತಿರುವಿನವರೆಗೆ ಕೇಳಿಸಿತು.

ಹಿಂದೆ ಒಮ್ಮೆ ಅವಳು ಬಸುರಿಯಾಗಿದ್ದಳು. ಹೊಟ್ಟೆ ಕಾಣಿಸಿಕೊಂಡು, ಮಗು ಒದೆಯಲು ಶುರು ಮಾಡಿದ ಮೇಲೆ, ಒಂದು ದಿನ ಒದೆತ ನಿಂತಿತು. ಒಳಗೇ ಎದೆಬಡಿತ ನಿಂತುಹೋಗಿತ್ತು ಎಂದರು. ಯಾಕೆಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆಗಲೂ ನಲ್ಲಿಯೇ ಅತ್ತಳು. ನನ್ನ ಪಾಲಿನ ಅಳುವನ್ನೂ ಇವಳೇ ಕಸಿದುಕೊಂಡಳಲ್ಲ ಎಂದು ಬಿಸಿಲಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು.

ವರ್ಷಗಳಾದ ಮೇಲೆ ಮತ್ತೆ ಗರ್ಭ ನಿಂತಿತು. ಅದೇ ಹೊತ್ತಿಗೆ ನಲ್ಲಿಗೂ ನಿಂತಿತು. ಹೆರಿಗೆಯಲ್ಲೂ ನಲ್ಲಿಯೇ ಮುಂದು. ಗಂಡು ಮಗು, ಹತ್ತಿ ತುಂಬಿದ ದಿಂಬಿನಂತೆ ಉಬ್ಬಿದ ಕೆನ್ನೆ, ಮಣಿಕಟ್ಟಿನಲ್ಲಿ ದಾರ ಕಟ್ಟಿದಂಥ ಗೆರೆ. ಗುಂಡ ಎಂದು ಹೆಸರಾಯಿತು. ಅವನನ್ನು ಕಟ್ಟೆಯ ಮೇಲೆ ಮಡಿಸಿದ ಬಟ್ಟೆಗಳ ಪಕ್ಕದಲ್ಲೇ ಬುಟ್ಟಿಯಲ್ಲಿ ಮಲಗಿಸುತ್ತಿದ್ದರು. ಬಂದವರೆಲ್ಲ ಅವನ ಕೆನ್ನೆ ಚಿವುಟಿ, ‘ಇದನ್ನೂ ಒಗೆದು ಇಸ್ತ್ರಿ ಮಾಡಿ ಕೊಡ್ತೀರಾ, ಮನೆಗೆ ಒಯ್ತೀವಿ’ ಎಂದು ನಗುತ್ತಿದ್ದರು. ಆಮೇಲೆ ಬಿಸಿಲಕ್ಕನಿಗೆ ಹೆಣ್ಣು ಹುಟ್ಟಿತು. ಸಣ್ಣ ಕೂಸು, ಗುಬ್ಬಿ ಎಂದು ಕರೆದರು. ಆದರೆ ಮೈಯೋ, ಹೊಸ ಬಟ್ಟೆ. ಎಲ್ಲೂ ಒಂದು ಚುಕ್ಕಿಯಿಲ್ಲ. ಬಿಸಿಲಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗುಂಡನ ಬೆನ್ನ ಮೇಲೆ ಒಂದು ಕಪ್ಪು ಮಚ್ಚೆಯಿತ್ತು. ಇದರ ಮೇಲೆ ಇಲ್ಲ. ಅಷ್ಟು ಸಾಕಾಗಿತ್ತು ಅವಳಿಗೆ, ಹಾಸಿಗೆಯಲ್ಲೇ ಕೂತು ಗೆದ್ದವಳಂತೆ ಉಸಿರು ಬಿಟ್ಟಳು.

ಕೆಲವು ವಾರಗಳಾದ ಮೇಲೆ ಉಂಗುರಗಳು ಕಾಣಿಸಿಕೊಂಡವು.

ಮೊದಲು ಹಣೆಯ ಮೇಲೆ ಒಂದು. ಬಿಸಿ ಲೋಟ ಇಟ್ಟು ತೆಗೆದ ಮೇಜಿನ ಮೇಲೆ ಉಳಿಯುವಂಥ ಗುರುತು. ಅಂಚು ಕೆಂಪು, ಒಳಗೆ ಮಾಸಲು. ಆಮೇಲೆ ನೆತ್ತಿಯ ಮೇಲೆ, ಕಿವಿಯ ಹಿಂದೆ. ಆಮೇಲೆ ಎರಡೂ ಕಣ್ಣಿನ ಸುತ್ತ.

“ಅಯ್ಯೋ ನೋಡಿ ಅತ್ತಿಗೆ, ಕನ್ನಡಕ ಹಾಕ್ಕೊಂಡ ಮೇಡಂ ಹಾಗೆ ಇದ್ದಾಳೆ!” ನಲ್ಲಿ ಕೂಸಿನ ಗಲ್ಲ ಮುಟ್ಟಿ ಅಂದಳು.

ಪ್ರೀತಿಯಿಂದಲೇ ಅಂದದ್ದು. ಬಿಸಿಲಕ್ಕನ ಕಿವಿಗೆ ಅದು ಹಾಗೆ ಬೀಳಲಿಲ್ಲ. ಕೂಸನ್ನು ಎದೆಗೆ ಅವಚಿಕೊಂಡು ಒಳಗೆ ಹೋದಳು. ಅಂದಿನಿಂದ ಗಿರಾಕಿಗಳು ಬರುವ ಹೊತ್ತಿನಲ್ಲಿ ಕೂಸನ್ನು ಕಟ್ಟೆಯ ಕಡೆ ತರಲೇ ಇಲ್ಲ. ಮುಂದೆ ಗುಂಡನ ಬುಟ್ಟಿ, ಹಿಂದೆ ಇವಳ ತೊಟ್ಟಿಲು, ನಡುವೆ ಒಂದು ಪರದೆ.

ಕಲೆ ಬಂದರೆ ಏನು ಮಾಡಬೇಕೆಂದು ಹಾಯಜ್ಜನ ಮರಿಮಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಗಿನ ಬಿಸಿಲು ಹಗ್ಗಗಳ ಮೇಲೆ ಬಿದ್ದ ಕೂಡಲೇ ಕೂಸನ್ನು ಬಟ್ಟೆಬುಟ್ಟಿಯಲ್ಲಿಟ್ಟುಕೊಂಡು ತಾರಸಿಗೆ ಹತ್ತಿದಳು. ಎರಡು ಬಿಳಿಯ ಹಾಸುಗಳ ನಡುವೆ, ಗಾಳಿ ಬೀಸದ ಜಾಗದಲ್ಲಿ, ಮುಖಕ್ಕೆ ಬೆಳಕು ಬೀಳುವ ಹಾಗೆ ಮಲಗಿಸಿದಳು. ಸಂಜೆಗೆ ಉಂಗುರಗಳು ಇನ್ನೂ ಕೆಂಪಾದವು. ಬೇರೆ ಯಾವ ಮನೆಯ ತಾಯಿಯಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದಳು. ಆದರೆ ಒಗೆಯುವವರ ಲೆಕ್ಕವೇ ಬೇರೆ: ಹಳೆಯ ಕಲೆ ಬಿಸಿಲಿಗೆ ಮೊದಲು ಎದ್ದು ಕಾಣುತ್ತದೆ, ಬಿಡುವ ಮುಂಚೆ ಒಮ್ಮೆ ರೇಗುತ್ತದೆ, ಆಗ ಹೆದರಿ ಬಟ್ಟೆ ತೆಗೆದವನು ಹೆಡ್ಡ. ಬಿಸಿಲಕ್ಕ ಹೆದರಲಿಲ್ಲ. ಮರುದಿನ ಇನ್ನಷ್ಟು ಹೊತ್ತು ಮಲಗಿಸಿದಳು, ಅದರ ಮರುದಿನ ಇನ್ನೂ ಹೆಚ್ಚು. ಉಂಗುರಗಳು ಒಂದನ್ನೊಂದು ಕೂಡಿಕೊಂಡು ಹಣೆಯ ತುಂಬ ಸರಪಣಿಯಾದವು.

ಗಂಡ ಒಂದು ದಿನ ತಾನಾಗಿಯೇ ಬಾಯಿ ಬಿಟ್ಟ. “ಗುಬ್ಬೀನ ಮೇಲೆ ಕರ್ಕೊಂಡು ಹೋಗ್ಬೇಡ ಕಣೇ. ಜಾಸ್ತಿ ಆಗ್ತಿದೆ.”

“ನಿಮ್ಗೇನ್ರೀ ಗೊತ್ತು ಕಲೆ ವಿಷಯ? ಗಾಡಿ ಓಡಿಸಿ.”

“ಹೂಂ,” ಅಂದ ಅವನು.

ಬೀದಿಯ ಔಷಧಿ ಅಂಗಡಿಯವನು ಕೂಸಿನ ಹಣೆ ನೋಡಿ, “ಇದು ಹುಳುಕಡ್ಡಿ. ನಿಮ್ಮದು ಒಗೆಯೋ ಮನೆ ತಾನೇ? ಯಾರ್ಯಾರದ್ದೋ ಬಟ್ಟೆ ಬರುತ್ತೆ. ಮಗೂ ಬಟ್ಟೆ ಅದರ ಜೊತೆ ಸೇರಿರಬೇಕು,” ಎಂದು ಒಂದು ಮುಲಾಮು ಕೊಟ್ಟ.

ಬಿಸಿಲಕ್ಕನಿಗೆ ಮುಲಾಮಿಗಿಂತ ಆ ಮಾತೇ ದೊಡ್ಡ ಮದ್ದಾಯಿತು. ಹಾಯಜ್ಜನ ಕಾಲದಿಂದ ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು: ಮನೆಯ ಬಟ್ಟೆ, ಗಿರಾಕಿಯ ಬಟ್ಟೆ ಒಂದೇ ತೊಟ್ಟಿಯಲ್ಲಿ ಬೀಳಕೂಡದು. ತಾನು ಬಾಣಂತಿಯಾಗಿ ಮಲಗಿದ್ದಾಗ ಕೂಸಿನ ಬಟ್ಟೆ ಒಗೆದವಳು ಯಾರು? ಅವಳು ಮನೆಗೆ ನಡೆದು ಬರಲಿಲ್ಲ, ಹಾರಿ ಬಂದಳು. ಕಟ್ಟೆಯ ಮುಂದೆ ಗಿರಾಕಿಗಳು ನಿಂತಿದ್ದರು. ನಿಂತಿರಲಿ ಎಂದೇ ಅವಳ ಆಸೆ.

“ಏ ನಲ್ಲಿ! ನನ್ನ ಮಗು ಬಟ್ಟೆ ಯಾವ ತೊಟ್ಟೀಲಿ ನೆನೆಸಿದ್ದೆ?”

ನಲ್ಲಿಯ ಕೈಯಲ್ಲಿದ್ದ ಅಂಗಿ ಕೆಳಗೆ ಬಿತ್ತು. “ಮನೆ ತೊಟ್ಟೀಲೇ, ಅತ್ತಿಗೆ.”

“ನನ್ನ ಕಣ್ಣು ನೋಡಿ ಹೇಳು.”

“ಒಂದ್ಸಲ... ಒಂದೇ ಒಂದ್ಸಲ... ಮನೆ ತೊಟ್ಟಿ ಬಿರಡೆ ಹೋಗಿ ನೀರು ನಿಲ್ತಿರ್ಲಿಲ್ಲ. ಹೋಟೆಲಿನವರ ತೊಟ್ಟೀಲಿ ಹಾಕ್ಬಿಟ್ಟೆ.” ಅಷ್ಟು ಹೇಳುವಷ್ಟರಲ್ಲಿ ಧಾರಾಕಾರ.

“ಸುರಿಸು, ಸುರಿಸು! ನಿನ್ನ ಗುಂಡನ ಬಟ್ಟೆ ಹಾಕ್ದ್ಯಾ ಅದರಲ್ಲಿ? ಇಲ್ವಲ್ಲ? ನನ್ನ ಮಗೂದು ಮಾತ್ರ ಹಾಕ್ದೆ!”

“ಗುಂಡಂದೂ ಹಾಕಿದ್ದೆ, ಅತ್ತಿಗೆ.”

“ಹಾಗಾದ್ರೆ ಅವನಿಗ್ಯಾಕೆ ಬರ್ಲಿಲ್ಲ?”

ನಲ್ಲಿ ಬಿದ್ದ ಅಂಗಿಯನ್ನೆತ್ತಿ ಅದರಲ್ಲೇ ಕಣ್ಣು ಒರೆಸಿಕೊಂಡಳು. ಕೇಳಿದವಳು ತಾನಾದ್ದರಿಂದ ಗೆದ್ದವಳೂ ತಾನೇ ಎಂದುಕೊಂಡಳು ಬಿಸಿಲಕ್ಕ. ಮಡಿಕೆಯಪ್ಪ ಇಸ್ತ್ರಿಯ ಕೋಣೆಯಿಂದ ಎದ್ದು ಬಂದ. ಕಟ್ಟಳೆ ಮುರಿದದ್ದು ಅವನಿಗೆ ಕೂಸಿನ ಉಂಗುರಕ್ಕಿಂತ ಹೆಚ್ಚು ಚುಚ್ಚಿತು. ನಲ್ಲಿ ಕಟ್ಟೆಯಿಂದ ಹಿಂದಿನ ತೊಟ್ಟಿಗೆ ಹೋಗಬೇಕೆಂದು ಅಪ್ಪಣೆಯಾಯಿತು. ಗುಂಡನ ಬುಟ್ಟಿಯೂ ಹೋಯಿತು. ಬಿಸಿಲಕ್ಕ ಆ ಮಧ್ಯಾಹ್ನ ಕಟ್ಟೆಯ ಮೇಲೆ ಕಾಲು ಮಡಿಸಿ ಕೂತಳು. ಹೊಟ್ಟೆಯೊಳಗಿನ ಕೆಂಡದ ಮೇಲೆ ಯಾರೋ ಕೊಡ ತುಂಬ ನೀರು ಹೊಯ್ದಂತಾಯಿತು. ಎಷ್ಟೋ ವರ್ಷಗಳ ಮೇಲೆ ಊಟ ರುಚಿಯೆನಿಸಿತು.

ಮುಲಾಮು ಮಾತ್ರ ಕೆಲಸ ಮಾಡಲಿಲ್ಲ. ಉಂಗುರಗಳು ತೋಳಿಗೂ ಇಳಿದವು. ಕೊನೆಗೆ ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರ ಬಳಿ ಹೋಗುವುದೆಂದಾಯಿತು. ನಲ್ಲಿ ತಾನೂ ಬರುತ್ತೇನೆಂದು ಹಟ ಹಿಡಿದಳು.

“ನೀನ್ಯಾಕೆ?”

“ನನ್ನಿಂದ ಆಗಿದ್ದಲ್ವಾ ಅತ್ತಿಗೆ. ಡಾಕ್ಟ್ರು ಬೈದ್ರೆ ನಂಗೇ ಬೈಲಿ.”

ಬರಲಿ, ಬೈಸಿಕೊಳ್ಳಲಿ ಎಂದು ಬಿಸಿಲಕ್ಕ ಒಪ್ಪಿದಳು. ಅದನ್ನು ಕಣ್ಣಾರೆ ನೋಡುವ ಆಸೆ ಅವಳಿಗೂ ಇತ್ತು.

ಡಾಕ್ಟರು ನಡುವಯಸ್ಸಿನ ಹೆಂಗಸು. ಕೂದಲು ಬಿಗಿಯಾಗಿ ಕಟ್ಟಿ, ಕೋಟಿನ ತೋಳು ಮಡಿಸಿದ್ದಳು. ಕೋಟಿನ ಕಾಲರಿಗೆ ಗಂಜಿ ಸಾಲದೆಂದು ಬಿಸಿಲಕ್ಕ ಒಳಗೆ ಬರುತ್ತಲೇ ಗಮನಿಸಿದಳು. ನಲ್ಲಿ ಕುರ್ಚಿಯಲ್ಲಿ ಕೂರುವ ಮೊದಲೇ ತೊಟ್ಟಿಯ ಕತೆಯನ್ನೆಲ್ಲ ಅತ್ತು ಹೇಳಿಬಿಟ್ಟಳು. ಡಾಕ್ಟರು ಕೂಸಿನ ಮುಖಕ್ಕೆ ದೀಪ ಹಿಡಿದು, ಭೂತಗನ್ನಡಿಯಲ್ಲಿ ನೋಡಿದಳು. ಆಮೇಲೆ ಕೂಸನ್ನು ಬಿಟ್ಟು ಬಿಸಿಲಕ್ಕನ ಕೆನ್ನೆಗಳನ್ನೇ ದಿಟ್ಟಿಸಿದಳು.

“ಮಗೂನ ಬಿಸಿಲಿಗೆ ಹಿಡಿದ್ರಾ?”

“ಹಿಡಿದೆ. ದಿನಾ.”

“ಹಿಡಿದ ಮೇಲೆ ಹೆಚ್ಚಾಯ್ತಾ?”

ಬಿಸಿಲಕ್ಕ ಕೂಸಿನ ಹಣೆಯನ್ನು ಅಂಗೈಯಿಂದ ಮುಚ್ಚಿದಳು.

“ನಿಮ್ಮ ಕಣ್ಣು ಉರಿಯುತ್ತಾ? ಬಾಯಿ ಒಣಗುತ್ತಾ? ಒಣ ತಿಂಡಿ ನುಂಗೋಕೆ ನೀರು ಬೇಕೇ ಬೇಕಾ?”

“ನನ್ನ ವಿಷಯ ಯಾಕಮ್ಮಾ? ರೋಗ ಮಗೂಗೆ.”

“ಹೇಳಿ. ನೀವು ಕೊನೇ ಸಲ ಅತ್ತಿದ್ದು ಯಾವಾಗ?”

ಬಿಸಿಲಕ್ಕನ ಮುಖ ಕೆಂಪಿದ್ದದ್ದು ಇನ್ನೂ ಕೆಂಪಾಯಿತು. ಇಲ್ಲಿಗೂ ಬಂತೇ ಆ ಮಾತು? ನಲ್ಲಿ ಏನಾದರೂ ಕಿವಿ ಊದಿದಳೇ ಎಂದು ತಿರುಗಿ ನೋಡಿದಳು. “ನನ್ನ ಎದೆ ಕಲ್ಲಲ್ಲ, ಡಾಕ್ಟ್ರೇ. ಕಣ್ಣಲ್ಲಿ ನೀರು ಬರಲ್ಲ ಅಷ್ಟೇ. ಹೆತ್ತವ್ವ ಹೋದಾಗ್ಲೂ ಬರ್ಲಿಲ್ಲ. ಏನಂತೀರಿ ಈಗ?”

“ಕಲ್ಲು ಅಂತ ನಾನೆಲ್ಲಿ ಅಂದೆ? ಇದನ್ನ ರೆಪ್ಪೆ ಕೆಳಗೆ ಇಡ್ತೀನಿ. ಕದಲಬೇಡಿ.” ಡಾಕ್ಟರು ಸಣ್ಣ ಕಾಗದದ ಪಟ್ಟಿಯೊಂದನ್ನು ಅವಳ ಕಣ್ಣಿಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದಳು. ಇಟ್ಟಾಗ ಹೇಗಿತ್ತೋ ಹಾಗೇ, ಗರಿಗರಿ.

“ಇವಳಿಗೆ ಇಟ್ಟು ನೋಡಿ,” ಬಿಸಿಲಕ್ಕ ನಲ್ಲಿಯ ಕಡೆ ಮೂತಿ ತಿರುಗಿಸಿದಳು. “ಕಾಗದ ಕೊಚ್ಚಿಕೊಂಡು ಹೋಗುತ್ತೆ.”

ಡಾಕ್ಟರಿಗೆ ನಗು ಬಂತು. ತಾಯಿ, ಮಗು ಇಬ್ಬರದೂ ರಕ್ತ ತೆಗೆಸಿದಳು. ಕೂಸಿನ ಎದೆಗೆ ತಂತಿಗಳನ್ನು ಅಂಟಿಸಿ ಎದೆಬಡಿತದ ಪಟ್ಟಿ ತೆಗೆಸಿದಳು. ಫಲಿತಾಂಶ ಬಂದ ದಿನ ಮತ್ತೆ ಅದೇ ಕುರ್ಚಿಗಳು.

ಕೂಸಿಗೆ ಬಂದದ್ದು ಹುಳುಕಡ್ಡಿಯಲ್ಲ, ಹುಟ್ಟುಕೂಸುಗಳಿಗೆ ಬರುವ ಲೂಪಸ್ ಎಂದಳು ಡಾಕ್ಟರು. ಅಂಟುವ ರೋಗವಲ್ಲ. ತೊಟ್ಟಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ರೋಗದ ಮೇಲೆ ಹೋರಾಡಬೇಕಾದ ಕೆಲವು ಕಣಗಳು ಬಿಸಿಲಕ್ಕನ ರಕ್ತದಲ್ಲಿ ದಿಕ್ಕು ತಪ್ಪಿವೆ. ಅವಳ ಕಣ್ಣು, ಬಾಯಿ ಒಣಗಿಸಿದವು, ಬೆರಳಿನ ಗೆಣ್ಣು ಬಿಗಿಸಿದವು ಅವೇ. ಗರ್ಭದಲ್ಲಿದ್ದಾಗ ಅವೇ ಮಗುವಿನ ಮೈಗೂ ದಾಟಿವೆ. ಬಿಸಿಲು ಬಿದ್ದರೆ ರೇಗುತ್ತವೆ. ತಾಯಿಯಿಂದ ಬಂದದ್ದು ಮಗುವಿನ ಮೈಯಿಂದ ತಿಂಗಳು ಕಳೆದಂತೆ ತಾನಾಗಿ ಕರಗಿಹೋಗುತ್ತದೆ, ಉಂಗುರಗಳೂ ಹೋಗುತ್ತವೆ.

“ಹಾಗಾದ್ರೆ ಸರಿ,” ಬಿಸಿಲಕ್ಕ ಎದ್ದಳು.

“ಕೂತ್ಕೊಳ್ಳಿ. ಎದೆ ವಿಷಯ ಇದೆ.” ಡಾಕ್ಟರು ಪಟ್ಟಿಯನ್ನು ಬಿಡಿಸಿದಳು. “ಹೃದಯದ ಮೇಲಿನ ಕೋಣೆ ‘ಬಡಿ’ ಅನ್ನುತ್ತೆ, ಕೆಳಗಿನ ಕೋಣೆ ಬಡಿಯುತ್ತೆ. ನಿಮ್ಮ ಮಗೂಗೆ ಆ ಮಾತು ಕೆಳಗೆ ಇಳಿಯೋದು ತಡ. ಕೆಲವು ಸಲ ಇಳಿಯೋದೇ ಇಲ್ಲ, ಒಂದು ಬಡಿತ ತಪ್ಪುತ್ತೆ. ಚರ್ಮ ವಾಸಿಯಾಗುತ್ತೆ. ಈ ದಾರಿಗೆ ಆದ ಗಾಯ ಹಾಗೆ ವಾಸಿಯಾಗಲ್ಲ. ಹೀಗೇ ಇರಬಹುದು, ಹೆಚ್ಚೂ ಆಗಬಹುದು. ಹೆಚ್ಚಾದ್ರೆ ಎದೆಯೊಳಗೆ ಸಣ್ಣ ಯಂತ್ರ ಇಡಬೇಕಾಗುತ್ತೆ. ಎದೆ ಡಾಕ್ಟ್ರ ಹತ್ರ ತಪ್ಪದೆ ತೋರಿಸ್ತಾ ಇರಬೇಕು.”

ಮೊದಲ ಮಗುವಿನ ಬಗ್ಗೆ ಡಾಕ್ಟರು ಕೇಳಿದಳು. ಬಿಸಿಲಕ್ಕ ಹೇಳಿದಳು. ಅದೂ ಇದೇ ಇರಬಹುದು ಎಂದು ಡಾಕ್ಟರು ಮೆಲ್ಲಗೆ ಅಂದಳು. ನಲ್ಲಿಯ ಅಳು ಶುರುವಾಗಿತ್ತು. ಬಿಸಿಲಕ್ಕನ ತಲೆಯಲ್ಲಿ ಆಗ ಇದ್ದದ್ದು ಒಂದೇ ಪ್ರಶ್ನೆ. ಅದನ್ನು ಕೇಳಲು ಅವಳಿಗೆ ನಾಲಗೆ ಏಳಲಿಲ್ಲ. ಪಕ್ಕದಲ್ಲಿ ನಲ್ಲಿ ಕೂತಿದ್ದಾಳೆ, ಅವಳ ಅಂಗಿಯ ಎದೆಭಾಗ ಯಾವಾಗಲೂ ಹಾಲಿಗೆ ಒದ್ದೆ, ಎರಡು ಮಕ್ಕಳಿಗಾಗುವಷ್ಟು ಹಾಲು. ಕೊನೆಗೆ ಕೇಳಿಯೇಬಿಟ್ಟಳು.

“ನನ್ನ ಹಾಲು... ನಾನೇ ಕುಡಿಸಬಹುದಾ? ಇಲ್ಲಾ ಬೇರೆಯವರ ಹತ್ರ ಬಿಡಬೇಕಾ?”

“ನೀವೇ ಕುಡಿಸಿ. ಅದಕ್ಕೇನೂ ಅಡ್ಡಿಯಿಲ್ಲ.”

ಆ ದಿನ ಕೇಳಿದ ಮಾತುಗಳಲ್ಲಿ ಅವಳಿಗೆ ನೆಲದ ಮೇಲೆ ಕಾಲೂರಿಸಿದ ಮಾತು ಅದೊಂದೇ.

ಮನೆಗೆ ಬಂದ ಮೇಲೆ ಗಂಡ ಏನಾಯಿತೆಂದು ಕೇಳಿದ. ಬಿಸಿಲಕ್ಕ ತನ್ನ ಭಾಷೆಯಲ್ಲೇ ಹೇಳಿದಳು: “ಬಣ್ಣ ಬಿಡೋ ಬಟ್ಟೆ ನಾನು. ಗುಬ್ಬಿ ಬಿಳಿ ಬಟ್ಟೆ. ಇಬ್ರೂ ಒಂದೇ ತೊಟ್ಟೀಲಿ ನೆಂದ್ವಿ. ಮೇಲೆ ಹತ್ತಿದ್ದು ಒಗೆದ್ರೆ ಹೋಗುತ್ತಂತೆ. ಒಳಗೆ ಹತ್ತಿದ್ದು ಹೋಗಲ್ವಂತೆ.” ಗಂಡನಿಗೆ ಈ ಸಲ ‘ಹೂಂ’ ಎನ್ನಲೂ ಆಗಲಿಲ್ಲ. ಗಾಡಿಯನ್ನು ಒರೆಸಲು ಹೋದವನು ಬಹಳ ಹೊತ್ತು ಅದನ್ನೇ ಒರೆಸುತ್ತಿದ್ದ.

ಇನ್ನು ನಲ್ಲಿ. ಡಾಕ್ಟರು ಅವಳ ಎದುರಿಗೇ ಹೇಳಿದ್ದಳಲ್ಲ, ಅವಳದೇನೂ ತಪ್ಪಿಲ್ಲವೆಂದು. ಬೀದಿಗೆಲ್ಲ ಕೇಳುವ ಹಾಗೆ ಸಾರಬಹುದಿತ್ತು, ಅತ್ತಿಗೆಯ ಮುಖಕ್ಕೆ ಹೊಡೆದ ಹಾಗೆ ಕೇಳಬಹುದಿತ್ತು. ಅವಳು ಕೇಳಲಿಲ್ಲ. ಮನೆಗೆ ಬಂದು ಸುಮ್ಮನೆ ಹಿಂದಿನ ತೊಟ್ಟಿಗೆ ಹೋಗಿ ತೋಳು ಮಡಿಸಿಕೊಂಡು ಕೆಲಸಕ್ಕೆ ನಿಂತಳು. ಅದು ಬಿಸಿಲಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಒಳ್ಳೆಯತನದಲ್ಲೂ ಇವಳೇ ಮುಂದಾಗಬೇಕೇ? ತನಗೆ ಬೈದು ಸಮಾಧಾನ ಮಾಡಿಕೊಳ್ಳಲೂ ಒಂದು ಎಡೆ ಬಿಡಬಾರದೇ ಈ ಹೆಂಗಸು?

“ಅಪ್ಪಾ,” ಬಿಸಿಲಕ್ಕ ಇಸ್ತ್ರಿಯ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು, “ಅವಳನ್ನ ಕಟ್ಟೆಗೆ ಕೂರಿಸು. ತೊಟ್ಟಿದಲ್ಲವಂತೆ.”

“ಮತ್ತೆ?”

“ನಂದಂತೆ.”

ಮಡಿಕೆಯಪ್ಪನ ಕೈಯ ಹಾಸು ಅರ್ಧ ಮಡಿಕೆಯಲ್ಲೇ ನಿಂತಿತು. ಹಾಯಜ್ಜನಿಂದ ಇಲ್ಲಿಯ ತನಕ ಆ ಮನೆಯವರು ಬಿಸಿಲಿಗೆ ಹೆದರಿದ್ದಿಲ್ಲ. ಈಗ ಮಗಳಿಗೂ ಆಗದು, ಮೊಮ್ಮಗಳಿಗೂ ಆಗದು ಎಂದರೆ ತಾರಸಿಗೆ ಯಾರು? ತಮ್ಮನಿಗೆ ಹಂಡೆ ಬಿಟ್ಟು ಬರಲಾಗದು. ಎಲ್ಲರ ಮನಸ್ಸಿನಲ್ಲೂ ಇದ್ದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬಿಸಿಲಕ್ಕನೇ ಎದ್ದು ಹೋಗಿ ಕ್ಲಿಪ್ಪುಗಳ ಚೀಲವನ್ನು ತಂದಳು. ಅವ್ವ ಹೊಲಿದ ಚೀಲ. ದಾರ ಅವಳ ಕುತ್ತಿಗೆಗೆ ಉಜ್ಜಿ ಉಜ್ಜಿ ನುಣುಪಾಗಿತ್ತು. ಅದನ್ನು ನಲ್ಲಿಯ ಕೊರಳಿಗೆ ಹಾಕಲಿಲ್ಲ, ಕೈಗೂ ಕೊಡಲಿಲ್ಲ. ತೊಟ್ಟಿಯ ಅಂಚಿನ ಮೇಲಿಟ್ಟಳು.

“ಬೆಳಿಗ್ಗೆ ಕಟ್ಟೆ, ಬಿಸಿಲೇರಿದ ಮೇಲೆ ತಾರಸಿ. ದೊಡ್ಡ ಹಾಸು ಮೊದಲು. ಉದ್ದುದ್ದ ಹಾಕ್ಬೇಕು, ಅಡ್ಡಡ್ಡ ಅಲ್ಲ.”

“ಅತ್ತಿಗೆ, ನಂಗೆ ಬೇಡ...”

“ಅತ್ರೆ ಹಾಸು ಒಣಗಲ್ಲ. ನಡಿ ಮೇಲೆ.”

ಆಮೇಲಿನ ತಿಂಗಳುಗಳು ಬಿಸಿಲಕ್ಕನ ಪಾಲಿಗೆ ಇಸ್ತ್ರಿಯ ಕೋಣೆಯಲ್ಲಿ ಕಳೆದವು. ಗುಳಿಗೆ ಬಂದವು, ಕಣ್ಣಿಗೆ ಹಾಕುವ ಹನಿ ಬಂತು. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದ್ದರು. ಕೋಣೆಯ ಚಾವಣಿಯಲ್ಲಿ ಒಂದು ಗಾಜಿನ ಬಿಲ್ಲೆಯಿತ್ತು, ಅದಕ್ಕೆ ಕಾಗದ ಅಂಟಿಸಿದ್ದರು. ಆ ಕಾಗದದ ಮೇಲೆ ದಿನವೂ ನಲ್ಲಿಯ ನೆರಳು ಓಡಾಡುತ್ತಿತ್ತು. ಬಿಸಿಲಕ್ಕ ಮಡಿಸುತ್ತ ಮಡಿಸುತ್ತ ತಲೆಯೆತ್ತಿ ನೋಡುತ್ತಿದ್ದಳು. ಬೇರೆ ಹೆಂಗಸರಿಗೆ ಗಂಡನ ಮೇಲೆ ಬೇರೊಬ್ಬಳ ನೆರಳು ಬಿದ್ದರೆ ಹೇಗಿರುತ್ತದೋ ಅವಳಿಗೆ ಹಾಗಿರುತ್ತಿತ್ತು. ಕೆಳಗೆ ಬಂದ ಹಾಸುಗಳನ್ನು ಮೂಸಿ ನೋಡುತ್ತಿದ್ದಳು. ತೇವದ ವಾಸನೆ ಸಿಗಲಿ, ಬೈಯುತ್ತೇನೆ ಎಂದು. ಸಿಗುತ್ತಿರಲಿಲ್ಲ. ಒಂದು ದಿನ ಹಾಸುಗಳ ಮೇಲೆ ಅಡ್ಡ ಗುರುತು ಕಂಡಿತು.

“ಅಡ್ಡ ಹಾಕಿದ್ಯಾ?” ಎಂದು ಹುರುಪಿನಿಂದಲೇ ಕೇಳಿದಳು.

“ಹೂಂ ಅತ್ತಿಗೆ. ಹಾಗೆ ಹಾಕಿದ್ರೆ ಗಾಳಿ ಎರಡೂ ಕಡೆ ಆಡುತ್ತೆ. ಬೇಗ ಒಣಗ್ತಿದೆ.”

ನಿಜವಾಗಿಯೂ ಬೇಗ ಒಣಗುತ್ತಿತ್ತು. ಮಡಿಕೆಯಪ್ಪ ಸೊಸೆಯ ಜಾಣತನವನ್ನು ಊಟಕ್ಕೆ ಕೂತಾಗ ಹೊಗಳಿದ. ಬಿಸಿಲಕ್ಕ ಅಂದು ತುತ್ತು ನುಂಗಲು ಎರಡು ಲೋಟ ನೀರು ಕುಡಿದಳು.

ಉಂಗುರಗಳು ಮಾಸುತ್ತ ಬಂದವು. ಮೊದಲು ತೋಳಿನವು, ಆಮೇಲೆ ಹಣೆಯವು, ಕೊನೆಗೆ ಕಣ್ಣಿನ ಸುತ್ತಲಿನವು. ಪರದೆ ತೆಗೆದರು. ಗುಬ್ಬಿಯನ್ನೂ ಗುಂಡನ ಬುಟ್ಟಿಯ ಪಕ್ಕ ನೆರಳಿನಲ್ಲಿ ಮಲಗಿಸತೊಡಗಿದರು. ಒಂದು ಸಂಜೆ ನಲ್ಲಿ ತಾರಸಿಯಿಂದ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಇಳಿದು ಬಂದಳು. ಗುಬ್ಬಿ ಅವಳನ್ನು ನೋಡಿ ಬೊಚ್ಚುಬಾಯಿ ತೆರೆದು ಗಟ್ಟಿಯಾಗಿ ನಕ್ಕಿತು. ಅದಕ್ಕೆ ಮುಂಚೆ ಆ ಕೂಸು ಸದ್ದು ಮಾಡಿ ನಕ್ಕಿರಲಿಲ್ಲ. ಮನೆಯವರೆಲ್ಲ ಓಡಿ ಬಂದರು. ಬಿಸಿಲಕ್ಕ ಹಾಲೂಡಿಸಿದ್ದಳು, ಎದೆಗೆ ಕಿವಿಯಿಟ್ಟು ತಪ್ಪುವ ಬಡಿತಕ್ಕೆ ಕಾದು ಕೂತಿದ್ದಳು, ಅದು ಮತ್ತೆ ಬಂದಾಗಲೆಲ್ಲ ತಾನೂ ಮತ್ತೆ ಉಸಿರಾಡಿದ್ದಳು. ನಗು ಮಾತ್ರ ಬಾಯಲ್ಲಿ ಕ್ಲಿಪ್ಪು ಕಚ್ಚಿದವಳಿಗೆ ಸಂದಿತ್ತು.

ಎದೆ ಡಾಕ್ಟರ ದಿನ ಬಂತು. ಈ ಸಲ ಅಪ್ಪನೂ ಜೊತೆಗೆ ಹೊರಟ. ಗಂಡ ಗಾಡಿ ತಂದ. ಗುಂಡನನ್ನು ತಮ್ಮನ ಬಳಿ ಬಿಟ್ಟು ನಲ್ಲಿಯೂ ಬಂದಳು. ತಂತಿ ಅಂಟಿಸಿದರು, ಪಟ್ಟಿ ತೆಗೆದರು. ಎದೆ ಡಾಕ್ಟರು ಹಳೆಯ ಪಟ್ಟಿಯನ್ನೂ ಹೊಸತನ್ನೂ ಅಕ್ಕಪಕ್ಕ ಇಟ್ಟು ಬೆರಳಾಡಿಸಿದ.

“ಮೊದಲಿಗಿಂತ ಸ್ವಲ್ಪ ಹೆಚ್ಚು ತಪ್ಪುತ್ತಿದೆ. ಈಗಲೇ ಯಂತ್ರ ಬೇಡ. ಮುಂದೆ ಬೇಕಾಗುತ್ತೆ ಅನ್ಸುತ್ತೆ. ಸುಸ್ತಾಗಿ ಹಾಲು ಬಿಟ್ರೆ, ಮೈ ತಣ್ಣಗಾದ್ರೆ, ತುಂಬಾ ಮಂಕಾದ್ರೆ ತಕ್ಷಣ ಕರ್ಕೊಂಡು ಬರಬೇಕು. ಯಾರಾದ್ರೂ ಒಬ್ರು ಸದಾ ಕಣ್ಣಿಟ್ಟಿರಿ.”

ಹೊರಗೆ ಬಂದರು. ಆಸ್ಪತ್ರೆಯ ಮೆಟ್ಟಿಲುಗಳ ಬಳಿ ಬಿಸಿಲಕ್ಕ ಕೂಸನ್ನು ಹೆಗಲಿಗೆ ಹಾಕಿ ಛತ್ರಿ ಬಿಡಿಸಲು ಹೋದಳು. ಬೆರಳುಗಳು ಅಂದು ಬೆಳಗಿನಿಂದಲೇ ಊದಿಕೊಂಡಿದ್ದವು, ಗುಂಡಿ ಒತ್ತಲಾಗಲಿಲ್ಲ. ನಲ್ಲಿ ಮುಂದೆ ಬಂದು ಛತ್ರಿ ಬಿಡಿಸಿ ಬಿಸಿಲಕ್ಕನ ಗಂಡನ ಕೈಗೆ ಕೊಟ್ಟಳು. ಅಪ್ಪ ಗಂಟಲು ಸರಿಮಾಡಿಕೊಂಡ.

“ನೋಡಮ್ಮಾ. ನಾವೆಲ್ಲ ಮಾತಾಡ್ಕೊಂಡಿದ್ದೀವಿ. ನಿನ್ನ ಕೈಲಿ ಆಗ್ತಿಲ್ಲ. ಸ್ವಲ್ಪ ತಿಂಗಳು ಗುಬ್ಬೀನ ನಲ್ಲಿ ಹತ್ರ ಬಿಡು. ಅವಳಿಗೆ ಹಾಲೂ ಇದೆ, ತ್ರಾಣಾನೂ ಇದೆ. ರಾತ್ರಿ ಅವಳ ಪಕ್ಕ ಮಲಗಲಿ. ನೀನು ಮೈ ನೋಡ್ಕೋ.”

ನಲ್ಲಿಯ ಕಣ್ಣು ತುಂಬಿತ್ತು. “ನಿಮ್ಮ ಮಗೂನೇ ಅತ್ತಿಗೆ, ನಾನೇನು ಕಸಿದುಕೊಳ್ತೀನಾ? ಗುಂಡನ ಹಾಗೇ ನೋಡ್ಕೋತೀನಿ. ಕೊಡಿ, ಗಾಡಿ ತನಕ ನಾನು ಎತ್ಕೋತೀನಿ.” ಎರಡೂ ಕೈ ಚಾಚಿದಳು. ಗುಬ್ಬಿಯೂ ಹೆಗಲ ಮೇಲಿಂದ ಅವಳ ಕಡೆಗೇ ಬಾಗಿತು.

ಅವಳು ಹೇಳಿದ್ದು ಸುಳ್ಳಲ್ಲವೆಂದು ಬಿಸಿಲಕ್ಕನಿಗೆ ಗೊತ್ತಿತ್ತು. ಗುಂಡನ ಹಾಗೇ ನೋಡಿಕೊಳ್ಳುತ್ತಾಳೆ, ಒಂದು ಕೈ ಹೆಚ್ಚಾಗಿಯೇ. ಕೂಸು ಅವಳ ಪಕ್ಕದಲ್ಲಿ ಮೈತುಂಬಿ ಬೆಳೆಯುತ್ತದೆ, ಅವಳನ್ನೇ ನೋಡಿ ನಗುತ್ತದೆ, ಅವಳನ್ನೇ ಮೊದಲು ಅಮ್ಮ ಎನ್ನುತ್ತದೆ. ಗಂಡನ ಮುಖ ನೋಡಿದಳು. ಅವನು ಛತ್ರಿಯ ತುದಿ ನೋಡುತ್ತಿದ್ದ. ಬಿಸಿಲಕ್ಕ ಊದಿದ ಬೆರಳುಗಳನ್ನು ಕೂಸಿನ ಬೆನ್ನ ಹಿಂದೆ ಒಂದರೊಳಗೊಂದು ಹೆಣೆದುಕೊಂಡಳು. ನೋವಿಗೆ ತುಟಿ ಬಿಳಿಚಿದವು.

“ಕೈ ತೆಗಿ ನಲ್ಲಿ. ಅಳೋದಾದ್ರೆ ಗಾಡೀಲಿ ಕೂತು ಅಳು. ಅಪ್ಪಾ, ಕಟ್ಟೆ ಅವಳಿಗೆ ನೀನು ಕೊಟ್ಟೆ, ನಾನು ನಕ್ಕೆ. ತಾರಸಿ ನಾನೇ ಕೊಟ್ಟೆ. ಅಡ್ಡಡ್ಡ ಹಾಕ್ಕೊಳ್ಲಿ, ಉದ್ದುದ್ದ ಹಾಕ್ಕೊಳ್ಲಿ, ಇನ್ನು ನಾನು ಮೂಸಿ ನೋಡಲ್ಲ. ಇವಳನ್ನ ಮಾತ್ರ ಕೇಳ್ಬೇಡಿ. ಹೊಟ್ಟೆಕಿಚ್ಚು ಅಂತೀರಾ? ಅನ್ನಿ, ಹೌದು, ಹೊಟ್ಟೆಕಿಚ್ಚೇ. ಇವಳೆದೆ ಒಂದು ಬಡಿತ ತಪ್ಪಿದ್ರೆ ಅದು ನನ್ನ ಕಿವೀಲೇ ತಪ್ಪಬೇಕು, ಇನ್ಯಾರ ಕಿವೀಲೂ ಅಲ್ಲ. ಕೈ ನೋಯುತ್ತೆ, ನೋಯಲಿ. ಹಿಡ್ಕೊಳ್ಳೋಕಾಗದೆ ಹೋದ ದಿನ ಬೆನ್ನಿಗೆ ಕಟ್ಕೋತೀನಿ. ಏನ್ರೀ, ನೋಡ್ತಾ ನಿಂತ್ರಿ? ಗಾಡಿ ನೆರಳಿಗೆ ತನ್ನಿ. ನೀವೆಲ್ಲ ಮುಂದೆ ನಡೀರಿ, ನಾನು ಇವಳನ್ನ ಎತ್ಕೊಂಡು ಬರ್ತೀನಿ.”